ಮಾನ್ಯರ ಮೈಲಿಗೆ

ದೇಶ ಒಡೆಯುತ್ತದೆ ಎಂಬುದು ವಾಷಿಂಗ್ಟನ್ ಪಟ್ಟಣದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಬಟ್ಟೆ ಒಗೆಯುವ ಕೆಜಾಯಾಗೆ.

ಶಾಸನಸಭೆಯ ಮಾನ್ಯ ಸದಸ್ಯರ ಕೋಟುಗಳು ವಾರಕ್ಕೊಮ್ಮೆ ಅವಳ ಕೈಗೆ ಬರುತ್ತಿದ್ದವು. ಅವರ ಒಳಜೇಬಿನಲ್ಲಿ ಏನಿರುತ್ತದೆ ಎಂಬುದು ಅವರ ಹೆಂಡಿರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಶ್ಯದ ಪುಡಿ, ಕಡಲೆಕಾಯಿ ಸಿಪ್ಪೆ, ಹೆಂಡತಿಯದಲ್ಲದ ಉದ್ದ ಕೂದಲು. ೧೮೫೮ರ ಚಳಿಗಾಲದಲ್ಲಿ ಒಂದು ಹೊಸ ಕಲೆ ಕಾಣಿಸಿಕೊಂಡಿತು. ಕಪ್ಪು ಎಣ್ಣೆ. ಮೂಸಿ ನೋಡಿದಳು. ದೀಪದ್ದಲ್ಲ, ಅಡುಗೆಯದ್ದೂ ಅಲ್ಲ. ಪಿಸ್ತೂಲಿಗೆ ಹಚ್ಚುವ ಎಣ್ಣೆ.

ಮೊದಲು ಅದು ದಕ್ಷಿಣದವರ ಕೋಟಿನಲ್ಲಿ ಕಂಡಿತು. ಹದಿನೈದು ದಿನ ಕಳೆಯುವುದರೊಳಗೆ ಉತ್ತರದವರ ಕೋಟಿಗೂ ಅಂಟಿತು. ಕಾನೂನು ಮಾಡುವುದಕ್ಕೆ ಹೋಗುವವರಿಗೆ ಪಿಸ್ತೂಲು ಯಾಕೆ ಎಂದು ಅವಳು ಕೇಳುವಂತಿರಲಿಲ್ಲ. ಕಲೆ ತೆಗೆಯುವುದು ಅವಳ ಕೆಲಸ. ತೆಗೆದಳು. ಮುಂದಿನ ವಾರ ಮತ್ತೆ ಬಂತು.

ಶ್ರೀಮತಿ ಡನವೇ ಎಂಬ ವಿಧವೆ ನಡೆಸುತ್ತಿದ್ದ ಖಾನಾವಳಿ ಅದು. ಮೇಲೆ ಮಲಗುವ ಕೋಣೆಗಳು, ಕೆಳಗೆ ಊಟದ ಕೋಣೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕೊಟ್ಟಿಗೆ. ಹನ್ನೊಂದು ಜನ ಮಾನ್ಯರು ಅಲ್ಲಿ ಉಂಡು ಮಲಗಿ ದೇಶ ಆಳುತ್ತಿದ್ದರು. ಅವರಲ್ಲಿ ಗಟ್ಟಿ ಗಂಟಲಿನವನು ದಕ್ಷಿಣ ಕೆರೊಲಿನಾದ ಕರ್ನಲ್ ಟಾಲಿವರ್. ಅವನು ಯಾವ ಯುದ್ಧದಲ್ಲಿ ಕರ್ನಲ್ ಆದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನ ಸೀಮೆಯಲ್ಲಿ ಹೊಲ ಹೆಚ್ಚಿದ್ದವರೆಲ್ಲ ಕರ್ನಲ್‌ಗಳೇ. ಕೆಜಾಯಾ ಅವನ ಸ್ವತ್ತು. ಅವಳ ಮಗಳು ಟೆಂಪಿಯೂ ಅವನ ಸ್ವತ್ತು. ಊರಿಂದ ಬರುವಾಗ ಪೆಟ್ಟಿಗೆ, ಕುದುರೆ, ಬೇಟೆಯ ನಾಯಿಗಳ ಜೊತೆ ಇವರಿಬ್ಬರನ್ನೂ ತಂದು ಖಾನಾವಳಿಗೆ ಬಾಡಿಗೆಗೆ ಬಿಟ್ಟಿದ್ದ. ಕೆಜಾಯಾ ಇಡೀ ಮನೆಯ ಬಟ್ಟೆ ಒಗೆಯಬೇಕು. ಹದಿನೇಳರ ಟೆಂಪಿ ಊಟ ಬಡಿಸಬೇಕು. ಬಾಡಿಗೆ ಅವನ ಜೇಬಿಗೆ.

ಸೋಮವಾರ ಬೆಳಗ್ಗೆ ನಾಲ್ಕಕ್ಕೆ ಹಂಡೆಗೆ ಬೆಂಕಿ. ಬೂದಿ ಸೋಸಿದ ನೀರಿನಲ್ಲಿ ಬಟ್ಟೆ ಕುದಿಸಬೇಕು. ಕೋಲಿನಿಂದ ತಿರುವಬೇಕು. ಒದ್ದೆ ಹಾಸಿಗೆ ಬಟ್ಟೆ ಒಂದು ಹೆಣದಷ್ಟು ಭಾರ. ಎತ್ತಬೇಕು, ಉಜ್ಜಬೇಕು, ಹಿಂಡಬೇಕು. ಬೂದಿನೀರು ಬೆರಳ ಸಂದಿಯನ್ನು ಸೀಳುತ್ತದೆ. ಸೀಳಿದ ಜಾಗಕ್ಕೆ ಗಂಜಿ ಹೋಗುತ್ತದೆ. ಗಂಜಿ ಒಣಗಿದರೆ ಬೆರಳು ಮಡಚುವುದಿಲ್ಲ. ಮಡಚದ ಬೆರಳಿನಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಹಿಡಿಯಬೇಕು. ಹೀಗೆ ಹನ್ನೊಂದು ಜನರ ಎದೆ ಬಿಳಿ ಮಾಡಿ ಕಳಿಸುವುದು. ಅವರು ಆ ಬಿಳಿ ಎದೆ ಉಬ್ಬಿಸಿ ಸಭೆಯಲ್ಲಿ ನಿಂತು, ಕರಿಯರು ಸೋಮಾರಿಗಳು ಎಂದು ಭಾಷಣ ಮಾಡುವುದು.

ಆ ವರ್ಷದ ಜಗಳಕ್ಕೆ ಕಾರಣ ಕಾನ್ಸಸ್ ಎಂಬ ಹೊಸ ಸೀಮೆ. ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದು ಎಂದು ದಕ್ಷಿಣದವರು, ಕೂಡದು ಎಂದು ಉತ್ತರದವರು. ಮೊದಲೆಲ್ಲ ಹನ್ನೊಂದು ಜನವೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಜನವರಿಯಲ್ಲಿ ಉಪ್ಪು ದಾಟಿಸುವುದು ನಿಂತಿತು. ಉಪ್ಪಿನ ಬಟ್ಟಲು ಕರ್ನಲ್‌ನ ಕೈಯಳತೆಯಲ್ಲಿದ್ದರೂ ಉತ್ತರದವರು ಅವನನ್ನು ಕೇಳದೆ ಸಪ್ಪೆ ಮಾಂಸ ನುಂಗಿದರು. ಕೊನೆಗೆ ಡನವೇಯಮ್ಮ ಬಡಗಿಯನ್ನು ಕರೆಸಿ ಮೇಜನ್ನೇ ನಡುವೆ ಕೊಯ್ಯಿಸಿ ಎರಡು ಮಾಡಿದಳು. ಅರ್ಧ ಕಿಟಕಿಯ ಕಡೆ, ಅರ್ಧ ಒಲೆಯ ಕಡೆ.

"ಎರಡಕ್ಕೂ ಎರಡೆರಡೇ ಕಾಲು ಅವ್ವ," ಎಂದಳು ಟೆಂಪಿ. "ಇನ್ನೆರಡು ಕಾಲಿಗೆ ಇಟ್ಟಿಗೆ ಕೊಟ್ಟವ್ರೆ. ಸಾರು ಬಡಿಸೋವಾಗ ಎರಡೂ ಅಲ್ಲಾಡ್ತವೆ."

"ಅಲ್ಲಾಡ್ಲಿ ಬಿಡು. ನಿನ್ನ ಕೈ ಅಲ್ಲಾಡದಂಗೆ ನೋಡ್ಕೊ."

ಫೆಬ್ರವರಿಯಲ್ಲಿ ಸಭೆಯೊಳಗೇ ಹೊಡೆದಾಟವಾಯಿತು. ದೇಶದ ಹಣೆಬರಹ ಬರೆಯುವ ಕೋಣೆಯಲ್ಲಿ ಐವತ್ತು ಜನ ಮಾನ್ಯರು ಸಂತೆಯ ಹೋರಿಗಳಂತೆ ಗುದ್ದಾಡಿಕೊಂಡರಂತೆ. ಮರುದಿನ ಬುಟ್ಟಿ ತುಂಬ ಬಂತು ಅವಳ ಪಾಲು. ಗುಂಡಿ ಕಿತ್ತ ಅಂಗಿ, ಹರಿದ ತೋಳು, ಮೂಗಿನ ರಕ್ತ. ರಕ್ತಕ್ಕೆ ಬಿಸಿನೀರು ಹಾಕಬಾರದು, ಕಲೆ ಕೂತುಬಿಡುತ್ತದೆ. ತಣ್ಣೀರೇ ಆಗಬೇಕು. ಫೆಬ್ರವರಿಯ ತಣ್ಣೀರು. ಉತ್ತರದ ರಕ್ತ, ದಕ್ಷಿಣದ ರಕ್ತ ಎರಡೂ ಒಂದೇ ಬಾನಿಯಲ್ಲಿ ಬಿಟ್ಟುಕೊಂಡವು. ಅವಳು ನೀರು ಚೆಲ್ಲಿದಳು.

ಸೌದೆ ಗಾಡಿಯ ಎನಾಕ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕರಿಯನೇ ಆದರೂ ಸ್ವತಂತ್ರ. ಹಾಗೆಂದು ಸರ್ಕಾರ ಬರೆದುಕೊಟ್ಟ ಕಾಗದವನ್ನು ಎದೆಗೆ ಕಟ್ಟಿಕೊಂಡೇ ಮಲಗುತ್ತಿದ್ದ.

"ಯಾರ ರಕ್ತ ಕೆಜಾಯಕ್ಕ?"

"ಮಾನ್ಯರದ್ದು."

"ಯಾತಕ್ಕೆ ಬಡಿದಾಡ್ಕೊಂಡ್ರಂತೆ?"

"ನಮಗೋಸ್ಕರವಂತೆ."

ಎನಾಕ್ ಸೌದೆ ಇಳಿಸುವುದನ್ನು ನಿಲ್ಲಿಸಿ ನಕ್ಕ. "ನಮಗೋಸ್ಕರವಾ? ಹಂಗಾರೆ ಬಟ್ಟೆನಾದ್ರೂ ಅವ್ರೇ ಒಕ್ಕೊಬಹುದಿತ್ತಲ್ಲ."

ಅದೇ ವಾರ ಕರ್ನಲ್ ಅವಳನ್ನು ಕರೆಸಿದ. ಅವನ ಮೂಗು ಬದನೆಕಾಯಿಯಂತೆ ಊದಿತ್ತು. ಆದರೂ ಮಾತಿನಲ್ಲಿ ಬೆಣ್ಣೆ.

"ಕೆಜಾಯಾ, ನನ್ನ ಮಗಳ ಮದುವೆ ಗೊತ್ತಾಗಿರೋದು ನಿನಗೆ ತಿಳಿದಿರಬೇಕು. ಗಂಡು ಮಿಸಿಸಿಪ್ಪಿ ಕಡೆಯವನು. ಮದುವೆಗೆ ಏನಾದ್ರೂ ಕೊಡಬೇಕಲ್ಲ. ನಿನ್ನ ಟೆಂಪೀನ ಕೊಡೋಣ ಅಂತಿದ್ದೆ."

ಮಿಸಿಸಿಪ್ಪಿ. ಕೆಜಾಯಾಳ ಗಂಡನನ್ನು ಮಾರಿದ್ದು ಅಲ್ಲಿಗೇ. ಹನ್ನೆರಡು ವರ್ಷವಾಗಿತ್ತು. ಅಲ್ಲಿಂದ ತಿರುಗಿ ಬಂದವರನ್ನು ಅವಳು ಕಂಡಿರಲಿಲ್ಲ. ಅವಳು ನೆಲ ನೋಡುತ್ತ ನಿಂತಳು.

"ಆದರೆ ನಾನೇನು ಕಟುಕನಲ್ಲ," ಎಂದ ಕರ್ನಲ್. "ನಾಳೆ ಊಟಕ್ಕೆ ಕೆಲವರು ಬರ್ತಾರೆ. ಉತ್ತರದವರೇ, ಆದರೆ ಇನ್ನೂ ಯಾವ ಕಡೆಗೂ ಕೈ ಎತ್ತಿಲ್ಲ. ಅವರ ಮುಂದೆ ನಿನ್ನನ್ನ ನಾಲ್ಕು ಮಾತು ಕೇಳ್ತೀನಿ. ನಗುನಗ್ತಾ ಉತ್ತರ ಹೇಳು. ಟೆಂಪಿ ಇಲ್ಲೇ ಇರ್ತಾಳೆ."

"ಆಣೆನಾ ಬುದ್ಧಿ?"

"ಎಲಾ ಇವಳ! ದೊಡ್ಡ ಮನುಷ್ಯನ ಮಾತು ಕಣೇ. ಆಣೆ ಯಾಕೆ ಬೇಕು?"

ಮರುದಿನ ಊಟ ಮುಗಿದು ಸಿಹಿ ಬಡಿಸುವಾಗ ಕೆಜಾಯಾಳನ್ನು ಕರೆದರು. ಕೊಟ್ಟಿಗೆಯ ಹಬೆಯಿಂದ ಎದ್ದು ಬಂದವಳು, ಒದ್ದೆ ಲಂಗದಂಚಿಗೆ ಕೈ ಒರೆಸಿಕೊಳ್ಳುತ್ತ ಒಲೆಯ ಕಡೆಯ ಮೇಜಿನ ಮುಂದೆ ನಿಂತಳು. ಅತಿಥಿಗಳಿಗೆ ಮುಂದಾಳು ಪೆನ್ಸಿಲ್ವೇನಿಯಾದ ಹಾರ್ನಿಶ್. ದುಂಡಗಿನ ಮನುಷ್ಯ. ಎರಡೂ ಕಡೆಯವರ ಮಾತಿಗೂ ತಲೆದೂಗಿ ತೂಗಿ ಕುತ್ತಿಗೆ ದಪ್ಪವಾಗಿತ್ತು.

"ಏನೇ ಕೆಜಾಯಾ, ಹೊಟ್ಟೆ ತುಂಬ ಊಟ ಸಿಗುತ್ತಾ?"

"ಸಿಗ್ತದೆ ಬುದ್ಧಿ."

"ಕಾಯಿಲೆ ಬಿದ್ದರೆ ಯಾರು ನೋಡ್ಕೋತಾರೆ?"

"ನೀವೇಯ ಬುದ್ಧಿ."

"ಸ್ವಾತಂತ್ರ್ಯ ಕೊಟ್ಟರೆ ತಗೋತೀಯಾ?"

"ಅದನ್ನ ಮಡಿಕ್ಕೊಂಡು ನಾನೇನು ಮಾಡ್ಲಿ ಬುದ್ಧಿ."

ಹೇಳಿಕೊಟ್ಟದ್ದಷ್ಟನ್ನೂ ಹೇಳಿದಳು. ನಗು ಅಂದಿದ್ದ, ನಕ್ಕಳು. ಒಬ್ಬ ಅತಿಥಿ ಎದ್ದು ಬಂದು ಅವಳ ರಟ್ಟೆ ಹಿಸುಕಿ ನೋಡಿ, "ಗಟ್ಟಿಯಾಗೇ ಇದ್ದಾಳೆ," ಎಂದ. ಇನ್ನೊಬ್ಬ ಹಲ್ಲು ನೋಡಬೇಕೆಂದ. ಬಾಯಿ ತೆರೆದಳು. ಹಾರ್ನಿಶ್‌ಗೆ ಕಣ್ಣಲ್ಲಿ ನೀರೇ ಬಂತು. "ನಮ್ಮ ಕಡೆ ಗಿರಣಿ ಕೆಲಸದವರಿಗೂ ಇಂಥ ತೃಪ್ತಿ ಇಲ್ಲ," ಎಂದು ಇನ್ನೊಂದು ತುಂಡು ಸಿಹಿ ಬಡಿಸಿಕೊಂಡ.

ಕಿಟಕಿಯ ಕಡೆಯ ಮೇಜಿನಲ್ಲಿ ಮ್ಯಾಸಚೂಸೆಟ್ಸಿನ ಫಿಚ್ ಕೂತಿದ್ದ. ಸಣಕಲು ಮನುಷ್ಯ. ಗುಲಾಮಗಿರಿ ಹೋಗಲೇಬೇಕು ಎಂದು ಮೂರು ಮೂರು ಗಂಟೆ ಮಾತಾಡುವವನು. "ನಾಚಿಕೆಗೇಡು!" ಎಂದು ಕೂಗಿ ಕರವಸ್ತ್ರ ಎಸೆದು ಎದ್ದುಹೋದ. ಕೆಜಾಯಾಳ ಎದೆಯೊಳಗೆ ಏನೋ ಅಲುಗಿತು. ಒಬ್ಬನಾದರೂ ಅಂದನಲ್ಲ. ಹೊರಗೆ ಬಂದಾಗ ಫಿಚ್ ಪಡಸಾಲೆಯಲ್ಲಿ ಅವಳಿಗಾಗಿಯೇ ಕಾದು ನಿಂತಿದ್ದ.

"ತಂಗೀ," ಎಂದ ಮೆಲ್ಲಗೆ.

"ಏನು ಸ್ವಾಮಿ?"

"ನನ್ನ ಕಾಲರಿಗೆ ಗಂಜಿ ಸಾಲ್ತಾ ಇಲ್ಲ. ನಾಳೆ ಭಾಷಣ ಇದೆ. ಸ್ವಲ್ಪ ಗಟ್ಟಿಯಾಗಿ ಹಾಕು."

ಅತಿಥಿಗಳ ಮುಂದೆ ಅವಳು ಹೇಳಿದ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. ಎನಾಕ್ ಯಾರಿಂದಲೋ ಓದಿಸಿಕೊಂಡು ಬಂದಿದ್ದ. ಸೌದೆ ದಬದಬ ಎಸೆದ.

"ಸ್ವಾತಂತ್ರ್ಯ ಬ್ಯಾಡ ಅಂದ್ಯಂತಲ್ಲ ಅಕ್ಕ. ನಾನು ಹನ್ನೊಂದು ವರ್ಷ ಹಗಲು ಒಡೆಯನಿಗೆ ಗೇದು, ಸಂಜೆ ಸೌದೆ ಸೀಳಿ ನನ್ನನ್ನ ನಾನೇ ಕೊಂಡ್ಕೊಂಡೋನು. ಮೊದ್ಲೇ ಹೇಳಿದ್ರೆ ನಿಂದನ್ನೂ ನಾನೇ ಇಸ್ಕೊತಿದ್ದೆ."

"ನಿನ್ನ ಮಗಳಾಗಿದ್ರೆ ನೀನೇನು ಅಂತಿದ್ದೆ?"

ಅವನು ಕೊನೆಯ ನಾಲ್ಕು ಸೌದೆಗಳನ್ನು ಸದ್ದಾಗದಂತೆ ಇಟ್ಟುಹೋದ.

ಆಮೇಲೆ ಮೂರು ತಿಂಗಳು ಅವಳು ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ಬಟ್ಟೆ ಒಗೆದಳು. ಉಗುಳಿದರೂ ಹೋಗುತ್ತಿರಲಿಲ್ಲ. ಆದರೆ ಟೆಂಪಿ ಇದ್ದಳು. ಸಂಜೆ ಪಕ್ಕದಲ್ಲಿ ಕೂತು, ತಾಯಿಯ ಸೀಳಿದ ಬೆರಳಿಗೆ ಹಂದಿ ಕೊಬ್ಬು ಸವರುತ್ತಿದ್ದಳು. ಅಷ್ಟು ಸಾಕು ಅಂದುಕೊಂಡಳು ಕೆಜಾಯಾ.

ಮೇ ತಿಂಗಳ ಒಂದು ಬುಧವಾರ ಬೆಳಗ್ಗೆ ಡನವೇಯಮ್ಮ ಕೊಟ್ಟಿಗೆಗೆ ಬಂದು ಮೂಗು ಮುಚ್ಚಿಕೊಂಡು ನಿಂತಳು.

"ಟೆಂಪಿಯ ಎರಡು ಉಡುಪನ್ನ ಇವತ್ತೇ ಒಗೆದು ಒಣಗಿಸೇ. ನಾಳೆ ಹಡಗಿಗೆ ಹೋಗಬೇಕಲ್ಲ. ಒದ್ದೆ ಬಟ್ಟೆ ಕಟ್ಟಿಕೊಟ್ಟರೆ ಮದುಮಗಳು ಏನಂದುಕೊಂಡಾಳು?"

ಕೆಜಾಯಾಳ ಕೈಯ ಕೋಲು ಹಂಡೆಯೊಳಗೆ ನಿಂತಿತು. "ಯಾವ ಹಡಗು ಅಮ್ಮಾವ್ರೇ?"

"ಅಯ್ಯೋ, ನಿನಗೆ ಹೇಳಿಲ್ವಾ? ಒಳ್ಳೆ ಕರ್ನಲ್ಲು. ಬಡಿಸೋಕೆ ಇನ್ನೊಬ್ಬಳನ್ನ ಎಲ್ಲಿಂದ ತರಲಿ ಅಂತ ನನಗೂ ಈಗಷ್ಟೇ ತಲೆನೋವು ಶುರುವಾಗಿದೆ." ಹೇಳಿ, ಹೋಗುತ್ತ ತಿರುಗಿ ನಿಂತಳು. "ಇವತ್ತು ಆ ಹಾರ್ನಿಶ್ ಮತ್ತವರು ಪುನಃ ಊಟಕ್ಕೆ ಬರ್ತಾರಂತೆ. ನಿನ್ನನ್ನ ಕರೀತಾರೆ. ಮುಖ ತೊಳ್ಕೊಂಡು ಬಾ."

ದೊಡ್ಡ ಮನುಷ್ಯನ ಮಾತು. ಕೆಜಾಯಾ ಅಳಲಿಲ್ಲ. ಹಬೆಯಲ್ಲಿ ಅತ್ತರೆ ಯಾರಿಗೆ ಗೊತ್ತಾಗುತ್ತದೆ? ಅಂಥ ಅಳುವಿನಿಂದ ಲಾಭವೂ ಇಲ್ಲ. ಕೋಲು ಎತ್ತಿಟ್ಟು ಹಿತ್ತಿಲ ಬೇಲಿ ದಾಟಿ, ಗಲ್ಲಿಯ ಕೊನೆಯಲ್ಲಿ ಗಾಡಿ ಕಟ್ಟುತ್ತಿದ್ದ ಎನಾಕ್‌ನ ಮುಂದೆ ನಿಂತಳು.

"ಟೆಂಪೀನ ನಾಳೆ ಕಳಿಸ್ತಾರೆ. ನಮ್ಮಿಬ್ರನ್ನೂ ಪಟ್ಟಣದಾಚೆಗೆ ದಾಟಿಸ್ತೀಯಾ?"

ಎನಾಕ್ ಸುತ್ತ ನೋಡಿದ. "ಸಿಕ್ಕಿಬಿದ್ರೆ ಏನಾಯ್ತದೆ ಗೊತ್ತಾ? ನನ್ನ ಕಾಗದ ಹರಿದು ಬಿಸಾಡ್ತಾರೆ. ಜೈಲಿಗೆ ಹಾಕ್ತಾರೆ. ಹೆಂಡ್ತಿ ಅವ್ಳೆ ಅಕ್ಕ. ಎರಡು ಕೂಸವ್ರೆ."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಲ್ಲ."

"ಇನ್ಯಾರ್ನ ಕೇಳ್ಲಿ? ಫಿಚ್ ಸ್ವಾಮ್ಯೋರ್ನಾ?"

ಎನಾಕ್‌ಗೆ ನಗು ಬಂತು, ತಡೆದುಕೊಂಡ. ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತ, ಕುದುರೆಗೇ ಹೇಳುವವನಂತೆ ಹೇಳಿದ: "ಐದು ಗಂಟೆಗೆ ಗಾಡಿ ಖಾಲಿ ಮಾಡ್ಕೊಂಡು ಉತ್ತರದ ರಸ್ತೇಲಿ ಹೊಂಟಿರ್ತೀನಿ. ಹಿಂದುಗಡೆ ಯಾರು ಹತ್ತಿದ್ರು ಅಂತ ನೋಡೋ ಅಭ್ಯಾಸ ನಂಗಿಲ್ಲ."

ಉಳಿದದ್ದು ಒಂದೇ ತೊಡಕು. ಟೆಂಪಿಗೆ ಊಟದ ಕೋಣೆಯಿಂದ ಆರಕ್ಕೆ ಮೊದಲು ಬಿಡುವಿರಲಿಲ್ಲ. ನಾಲ್ಕಕ್ಕೆ ಊಟ ಶುರು. ಕೆಜಾಯಾ ಯೋಚಿಸಿದಳು. ಕರೆದಾಗ ಹೋಗುವುದು, ಹಳೆಯ ಸುಳ್ಳನ್ನೇ ಇನ್ನೊಮ್ಮೆ ಹೇಳುವುದು, ಕರ್ನಲ್ ಖುಷಿಯಾಗಿದ್ದಾಗ, ಬಟ್ಟೆ ತಲುಪಿಸಲು ಮಗಳನ್ನು ಜೊತೆಗೆ ಕಳಿಸಿ ಎಂದು ಬೇಡುವುದು. ಸಲೀಸಾದ ದಾರಿ. ಮುಖ ತೊಳೆದುಕೊಂಡಳು.

ನಾಲ್ಕೂವರೆಗೆ ಕರೆ ಬಂತು. ಅದೇ ಹಾರ್ನಿಶ್, ಅದೇ ಅತಿಥಿಗಳು. ಮೂರು ತಿಂಗಳಾದರೂ ಅವರಿಗೆ ಯಾವ ಕಡೆ ಕೈ ಎತ್ತಬೇಕೆಂದು ಗೊತ್ತಾಗಿರಲಿಲ್ಲ. ಊಟವಂತೂ ಎರಡೂ ಕಡೆ ಚೆನ್ನಾಗಿತ್ತು. ಕಿಟಕಿಯ ಮೇಜಿನಲ್ಲಿ ಫಿಚ್. ಗೋಡೆಯ ಪಕ್ಕ ತಟ್ಟೆ ಹಿಡಿದು ಟೆಂಪಿ. ನಾಳೆ ತಾನೆಲ್ಲಿಗೆ ಹೋಗುವುದೆಂದು ಅವಳಿಗೂ ಬೆಳಗ್ಗೆ ತಿಳಿದಿತ್ತು. ಮುಖ ಬೂದಿಯಾಗಿತ್ತು.

"ಬಾರೇ, ಬಾ," ಎಂದ ಕರ್ನಲ್. ವೈನು ಏರಿತ್ತು. "ಮಹನೀಯರೇ, ನಮ್ಮ ಕಡೆ ತಾಯಿ ಮಕ್ಕಳನ್ನ ಅಗಲಿಸ್ತಾರೆ ಅಂತ ಈ ಉತ್ತರದವರು ಪುಕಾರು ಹಬ್ಬಿಸ್ತಾರೆ. ಇಗೋ ತಾಯಿ, ಅಗೋ ಮಗಳು. ಒಂದೇ ಸೂರಿನ ಕೆಳಗಿದ್ದಾರೆ. ಹೌದೇನೇ ಕೆಜಾಯಾ?"

ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನೇ ಹೇಳಬೇಕು ಎಂದು ಬಾಯಿ ತೆರೆದಳು.

"ಇವತ್ತಿನ ಮಟ್ಟಿಗೆ ಹೌದು ಬುದ್ಧಿ," ಎಂದಳು.

ಕರ್ನಲ್ ಗಮನಿಸಲಿಲ್ಲ. "ನೋಡಿದ್ರಾ? ಈಗ ಹೇಳು. ಈ ಕ್ಷಣ ನಿನಗೆ ಸ್ವಾತಂತ್ರ್ಯ ಕೊಟ್ಟರೆ ಏನು ಮಾಡ್ತೀಯ?"

"ನಿಜವಾಗ್ಲೂ ಕೊಡ್ತೀರಾ?"

"ಮಾತಿಗೆ ಕೇಳಿದೆ ಕಣೇ."

"ಮಾತಿಗಾದ್ರೆ ಮಾತಿಗೇ ಹೇಳ್ತೀನಿ. ಕಾದಿರೋ ಇಸ್ತ್ರಿಪೆಟ್ಟಿಗೇನ ನಿಮ್ಮ ಅಂಗಿಯ ಎದೆ ಮ್ಯಾಲೆ ಮಡಗಿ ಎದ್ದೋಗ್ತೀನಿ. ಅದು ಸುಡ್ತದೆ. ಮೇಜೂ ಸುಡ್ತದೆ. ಮನೇನೂ ಸುಡ್ಲಿ. ನೀರು ಹಾಕೋಕೆ ನಾನು ಬರಾಕಿಲ್ಲ."

ಹಾರ್ನಿಶ್‌ನ ಚಮಚ ಅರ್ಧ ದಾರಿಯಲ್ಲಿ ನಿಂತಿತು.

"ನಾನು ನಾಳೆ ಏನು ಮಾಡ್ತೀನಿ ಅಂತ್ಲೂ ಕೇಳಿ," ಎಂದಳು ಕೆಜಾಯಾ. ದನಿ ಏರಿರಲಿಲ್ಲ. "ಈ ಮಗಳ ಬಟ್ಟೆ ಗಂಟು ಕಟ್ತೀನಿ. ಇವಳನ್ನ ಮಿಸಿಸಿಪ್ಪಿಗೆ ಉಡುಗೊರೆ ಕಳಿಸ್ತಾವ್ರೆ. ಹೋದ ಸಲ ನಾನು ನಗುನಗ್ತಾ ಸುಳ್ಳು ಹೇಳಿದ್ದು ಇವಳನ್ನ ಉಳಿಸ್ತೀನಿ ಅಂದಿದ್ದಕ್ಕೆ. ಹೊಟ್ಟೆ ತುಂಬ ಊಟ ಸಿಗ್ತದಾ ಅಂತ ಕೇಳಿದ್ರಲ್ಲ, ಈ ತಟ್ಟೇಲಿ ನೀವು ಬಿಟ್ಟಿದ್ದನ್ನ ಕೊಡ್ತಾರೆ. ಹಲ್ಲು ನೋಡಿದ್ರಲ್ಲ, ಈಗ ನೋಡ್ತೀರಾ?"

ಹಲ್ಲು ತೋರಿಸಿದಳು. ಅದು ನಗುವಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು.

ಕರ್ನಲ್‌ನ ಮುಖ ಬೀಟ್‌ರೂಟ್ ಆಯಿತು. ಎದ್ದವನು ಅವಳ ಕಡೆಗೆ ಬರಲಿಲ್ಲ. ನೇರ ಕಿಟಕಿಯ ಮೇಜಿಗೆ ನುಗ್ಗಿದ.

"ಫಿಚ್! ಕಳ್ಳ! ಇದು ನಿನ್ನ ಕೆಲಸ! ಇವಳಿಗೆ ಇಷ್ಟು ಮಾತು ಎಲ್ಲಿಂದ ಬರುತ್ತೆ? ನೀನೇ ಹೇಳಿಕೊಟ್ಟಿದ್ದೀಯ!"

ಫಿಚ್ ಎದ್ದು ನಿಂತ. ಇಲ್ಲ ಅನ್ನಬಹುದಿತ್ತು. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕಾಲರು ಸರಿಮಾಡಿಕೊಂಡ. "ನನ್ನ ಭಾಷಣಗಳು ಈ ಬಡಪಾಯಿ ಹೆಂಗಸಿನ ಎದೆಯಲ್ಲಿ ಕಿಡಿ ಹೊತ್ತಿಸಿದ್ದರೆ, ಆ ಅಪರಾಧವನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತೇನೆ."

"ಯಾರೂ ಹೇಳ್ಕೊಟ್ಟಿಲ್ಲ!" ಎಂದು ಕೂಗಿದಳು ಕೆಜಾಯಾ. "ನಿಮ್ಮ ಭಾಷಣ ನಾನು ಕೇಳೇ ಇಲ್ಲ. ಈ ಮಾತು ನಂದು!"

ಯಾರಿಗೂ ಕೇಳಿಸಲಿಲ್ಲ. ಮಾನ್ಯರು ಆಗಲೇ ಜಗಳಕ್ಕೆ ಬಿದ್ದಿದ್ದರು. ಕರ್ನಲ್ ಫಿಚ್‌ನ ಕಾಲರು ಹಿಡಿದ. ಗಂಜಿ ಗಟ್ಟಿಯಾಗಿದ್ದರಿಂದ ಅದು ಹರಿಯಲಿಲ್ಲ, ಫಿಚ್‌ನ ಕುತ್ತಿಗೆಯೇ ಜೊತೆಗೆ ಬಂತು. ಇಟ್ಟಿಗೆ ಜಾರಿ ಒಂದು ಮೇಜು ಮಗುಚಿತು. ಜಾರ್ಜಿಯಾದವನು ವರ್ಮಾಂಟಿನವನ ಮುಖಕ್ಕೆ ಸಾರಿನ ಬೋಗುಣಿ ಎಸೆದ. ಯಾರದ್ದೋ ಕಟ್ಟಿಸಿದ ಹಲ್ಲು ಹಾರಿ ಬೆಣ್ಣೆಯಲ್ಲಿ ಕೂತಿತು. ಒಬ್ಬ ಪಿಸ್ತೂಲು ತೆಗೆಯಲು ಹೋಗಿ ಅದು ಜೇಬಿನ ಒಳಬಟ್ಟೆಗೆ ಸಿಕ್ಕಿಕೊಂಡು, ಅಲ್ಲೇ ಗುಂಡು ಸಿಡಿದು, ಅವನ ಬೂಟಿನ ತುದಿಯೇ ಹಾರಿತು. ಡನವೇಯಮ್ಮ ಪಿಂಗಾಣಿ ಪಿಂಗಾಣಿ ಎಂದು ಬಡಿದುಕೊಂಡಳು. ಹಾರ್ನಿಶ್ ಸಿಹಿಯ ತಟ್ಟೆ ಸಮೇತ ಉಳಿದ ಮೇಜಿನ ಕೆಳಗೆ ನುಸುಳಿ, "ಒಗ್ಗಟ್ಟು! ಮಹನೀಯರೇ, ಒಗ್ಗಟ್ಟು!" ಎಂದು ಕೂಗುತ್ತಿದ್ದ.

ಈ ಜಗಳಕ್ಕೆ ಕಾರಣಳಾದವಳು ಕೋಣೆಯ ನಡುವೆ ನಿಂತೇ ಇದ್ದಳು. ಅವಳನ್ನು ಯಾರೂ ನೋಡಲಿಲ್ಲ. ಕೆಜಾಯಾ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಗೋಡೆಗೊರಗಿ ನಿಂತಿದ್ದ ಮಗಳ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟಳು.

"ನಡಿ."

"ಎಲ್ಲಿಗವ್ವ?"

"ಬಟ್ಟೆ ತಲುಪಿಸೋಕೆ."

ಕೊಟ್ಟಿಗೆಯಲ್ಲಿ ಎರಡು ಬುಟ್ಟಿ ತುಂಬಿ, ಮೇಲೆ ಬಿಳಿ ಹಾಸು ಮುಚ್ಚಿ, ತಲೆಯ ಮೇಲೆ ಹೊತ್ತು ಮುಂಬಾಗಿಲಿನಿಂದಲೇ ಹೊರಬಿದ್ದರು. ಬೀದಿಯಲ್ಲಿ ಜನ ಸೇರಿ ಕಿಟಕಿ ಕಡೆ ಕತ್ತು ಚಾಚಿದ್ದರು. ಇವರಿಗೆ ದಾರಿ ಬಿಟ್ಟರು. ಬಟ್ಟೆ ಬುಟ್ಟಿ ಹೊತ್ತ ಕರಿಯ ಹೆಂಗಸರನ್ನು ಆ ಪಟ್ಟಣದಲ್ಲಿ ಯಾರು ನೋಡುತ್ತಾರೆ?

ಇವರಿಬ್ಬರೂ ಹಿಂದೆ ಹತ್ತಿದ್ದ ಎನಾಕ್‌ನ ಗಾಡಿ ಉತ್ತರದ ರಸ್ತೆಯ ಸುಂಕದ ಕಟ್ಟೆಯಲ್ಲಿ ನಿಂತಿತು. ಕಾವಲಿನವನು ಕೆಂಪು ಮುಖದ ಬಿಳಿಯ. ರಹದಾರಿ ಕೇಳಿದ. ಗುಡ್ಡದ ಮೇಲಿನ ಮನೆಗಳಿಗೆ ಬಟ್ಟೆ ತಲುಪಿಸಲು ಡನವೇಯಮ್ಮ ತಿಂಗಳಿಗೊಮ್ಮೆ ಬರೆದುಕೊಡುತ್ತಿದ್ದ ಚೀಟಿಯನ್ನು ಕೆಜಾಯಾ ಕೊಟ್ಟಳು. ಚೀಟಿಯಲ್ಲಿ ಇದ್ದದ್ದು ಅವಳೊಬ್ಬಳ ಹೆಸರು. ಅವನು ಚೀಟಿ ನೋಡಿದ. ಟೆಂಪಿಯನ್ನು ನೋಡಿದ. ಎನಾಕ್ ಕುದುರೆಯ ಕಿವಿಯನ್ನೇ ದಿಟ್ಟಿಸುತ್ತ ಕೂತಿದ್ದ. ಅವನ ಬೆನ್ನಿನ ಅಂಗಿ ಒದ್ದೆಯಾಗುತ್ತ ಬಂದದ್ದು ಕೆಜಾಯಾಗೆ ಕಾಣುತ್ತಿತ್ತು.

ಕಾವಲಿನವನು ಬುಟ್ಟಿಯ ಹಾಸು ಎತ್ತಿ, ಮೇಲಿದ್ದ ಅಂಗಿಯನ್ನು ಬೆರಳಲ್ಲಿ ಸವರಿದ.

"ಯಾರದ್ದೇ ಇದು?"

"ಕರ್ನಲ್ ಟಾಲಿವರ್ ಬುದ್ಧಿಯೋರದ್ದು."

"ಆಹಾ, ಕನ್ನಡಿ ಇದ್ದಂಗಿದೆ. ನನ್ನ ಹೆಂಡತಿಯೂ ಒಗೀತಾಳೆ, ಗೋಣಿಚೀಲ ಮಾಡಿಕೊಡ್ತಾಳೆ." ಒಳಗೆ ಹೋಗಿ ಬೆವರು ನಾರುವ ಅಂಗಿಯೊಂದನ್ನು ತಂದು ಬುಟ್ಟಿಗೆ ಎಸೆದ. "ಇದನ್ನೂ ಹಂಗೇ ಮಾಡು. ಭಾನುವಾರದೊಳಗೆ ಬೇಕು. ಗಂಜಿ ಜಾಸ್ತಿ ಹಾಕು."

"ಆಗ್ಲಿ ಬುದ್ಧಿ."

ಅಡ್ಡಗಂಬ ಎತ್ತಿದ. ಗಾಡಿ ಅರ್ಧ ಮೈಲಿ ಹೋಯಿತು. ಆಮೇಲೆ ಕೆಜಾಯಾ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಬೇಲಿಯ ಮುಳ್ಳಿನ ಮೇಲೆ ಎಸೆದಳು. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಬಾರಿ ಒಂದು ಕೊಳಕು ಅಂಗಿಯನ್ನು ಕೊಳಕಾಗಿಯೇ ಬಿಟ್ಟಳು. ಆಮೇಲೆ ನಗು ಬಂತು. ಟೆಂಪಿಗೂ ಬಂತು. ಎನಾಕ್, "ಸದ್ದು ಸದ್ದು," ಎಂದು ಗದರುತ್ತಲೇ ತಾನೂ ನಕ್ಕ.

ಹದಿನೆಂಟು ಮೈಲಿಯಾಚೆ, ಗುಲಾಮಗಿರಿ ಪಾಪವೆನ್ನುವ ಕ್ವೇಕರ್ ಪಂಗಡದ ಒಬ್ಬ ಗಿರಣಿಯವನ ಮನೆಯಲ್ಲಿ ಅವರನ್ನು ಇಳಿಸಿ ಎನಾಕ್ ಹಿಂತಿರುಗಿದ. "ಹೆಂಡ್ತಿ ಕಾಯ್ತಾ ಇರ್ತಾಳೆ," ಎಂದ. ಅಷ್ಟೇ ಅವನ ಬೀಳ್ಕೊಡುಗೆ.

ಅಲ್ಲಿಂದ ಪೆನ್ಸಿಲ್ವೇನಿಯಾ. ಅಲ್ಲಿ ಗುಲಾಮಗಿರಿ ಇರಲಿಲ್ಲ. ಆದರೆ ಓಡಿಬಂದವರನ್ನು ಹಿಡಿದು ಒಪ್ಪಿಸಬೇಕೆಂಬ ಕಾನೂನು ಇತ್ತು. ಹಾರ್ನಿಶ್‌ನಂಥವರು ತಲೆದೂಗಿ ಮಾಡಿದ ಕಾನೂನು. ಆದ್ದರಿಂದ ಅಲ್ಲೂ ನಿಲ್ಲಲಿಲ್ಲ. ಆರು ವಾರಕ್ಕೆ ಗಡಿ ದಾಟಿ ಕೆನಡಾದ ಸೇಂಟ್ ಕ್ಯಾಥರೀನ್ಸ್ ಸೇರಿದರು. ಅಲ್ಲೊಂದು ಹೋಟೆಲಿನಲ್ಲಿ ಕೆಜಾಯಾ ಮತ್ತೆ ಬಟ್ಟೆಗೇ ನಿಂತಳು. ಈಗ ಕೂಲಿ ಅವಳ ಕೈಗೇ ಬರುತ್ತಿತ್ತು. ಟೆಂಪಿ ಹದಿನೆಂಟಕ್ಕೆ ಸಣ್ಣ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಅಕ್ಷರ ಕಲಿತಳು.

ಇತ್ತ ದೇಶದಲ್ಲಿ ಖಾನಾವಳಿ ಪ್ರಕರಣ ಎಂದು ದೊಡ್ಡ ಗದ್ದಲವಾಯಿತಂತೆ. ಫಿಚ್ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಊರೂರು ತಿರುಗಿ, ತಾಯಿ ಮಗಳನ್ನು ತಾನೇ ಬಿಡಿಸಿದ್ದಾಗಿ ಭಾಷಣ ಮಾಡಿ, ದುಪ್ಪಟ್ಟು ಮತದಿಂದ ಗೆದ್ದ. ಟಾಲಿವರ್ ತನ್ನ ಊರಲ್ಲಿ, ಉತ್ತರದವರು ದಕ್ಷಿಣದ ಮಾನಕ್ಕೆ ಕೈ ಹಾಕಿದರು ಎಂದು ಕೂಗಿ, ಎದುರಾಳಿಯೇ ಇಲ್ಲದೆ ಗೆದ್ದ. ಹಾರ್ನಿಶ್ ಎರಡೂ ಕಡೆಯ ಮೆರವಣಿಗೆಗೆ ಹೋಗಿ ಬಂದ. ಸಿಕ್ಕಿಬಿದ್ದದ್ದು ಒಬ್ಬನೇ. ಬೇಲಿಯ ಮೇಲಿನ ತನ್ನ ಅಂಗಿ ಕಂಡ ಕಾವಲಿನವನು ಗಾಡಿಯ ಗುರುತು ಹೇಳಿದ. ಎನಾಕ್‌ನ ಕಾಗದವನ್ನು ನ್ಯಾಯಾಲಯದಲ್ಲೇ ಹರಿದರು. ಏಳು ವರ್ಷ ಜೈಲು. ಫಿಚ್‌ನ ಯಾವ ಭಾಷಣದಲ್ಲೂ ಅವನ ಹೆಸರಿರಲಿಲ್ಲ.

ಈ ಸುದ್ದಿ ಒಂದು ವರ್ಷ ತಡವಾಗಿ ಕೆಜಾಯಾಗೆ ತಲುಪಿತು. ತಾನು ಎಸೆದ ಆ ಅಂಗಿ. ಅಂದಿನಿಂದ ತಿಂಗಳಿಗೊಮ್ಮೆ ಎನಾಕ್‌ನ ಹೆಂಡತಿಗೆ ಟೆಂಪಿಯ ಕೈಯಲ್ಲಿ ಕಾಗದ ಬರೆಸಿದಳು. ಅದರೊಳಗೆ ತನ್ನ ಕೂಲಿಯ ಒಂದು ಪಾಲು ಇಟ್ಟಳು.

೧೮೬೧ರ ಏಪ್ರಿಲ್‌ನಲ್ಲಿ ದಕ್ಷಿಣದವರು ಕೋಟೆಯೊಂದರ ಮೇಲೆ ತೋಪು ಹಾರಿಸಿದರು. ಯುದ್ಧ ಶುರುವಾಯಿತು. ಮುಂದಿನ ತಿಂಗಳು, ಒಳ್ಳೆಯ ಉಡುಪಿನ ಪತ್ರಿಕೆಯವನೊಬ್ಬ ವಿಳಾಸ ಹುಡುಕಿಕೊಂಡು ಹೋಟೆಲಿನ ಹಿತ್ತಿಲಿಗೆ ಬಂದ. ಉತ್ತರದವನು, ಸಾತ್ವಿಕನಂತೆ ಕಂಡ.

"ಖಾನಾವಳಿ ಪ್ರಕರಣದ ಹೆಂಗಸು ನೀವೇ ಅಲ್ವಾ? ಕರ್ನಲ್ ಟಾಲಿವರ್ ಈಗ ಶತ್ರುಸೇನೆಯ ಜನರಲ್. ಫಿಚ್ ಅವರೂ ನಮ್ಮ ಕಡೆ ದಳ ಕಟ್ತಾ ಇದ್ದಾರೆ. ಎರಡೂ ಕಡೆ ಲಕ್ಷಾಂತರ ಜನ ನಿಮಗೋಸ್ಕರ ಹೊಡೆದಾಡೋಕೆ ಹೊರಟಿದ್ದಾರೆ. ಹೇಗನ್ನಿಸ್ತಿದೆ?"

ಕೆಜಾಯಾ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟಳು.

"ನಮಗೋಸ್ಕರವಾ? ಹಂಗಾರೆ ಎನಾಕ್‌ನ ಬಿಟ್ರಾ?"

"ಯಾವ ಎನಾಕ್?"

"ಅದೇ ನೋಡಿ."

ಟೆಂಪಿ ಹಾಸಿಗೆ ಬಟ್ಟೆ ಮಡಚುವುದನ್ನು ಬಿಟ್ಟು ತಾಯಿಯ ಪಕ್ಕಕ್ಕೆ ಬಂದು ನಿಂತಳು.

"ಬರ್ಕೊಳ್ಳಿ ಸ್ವಾಮಿ," ಎಂದಳು ಕೆಜಾಯಾ. "ಎನಾಕ್. ವಾಷಿಂಗ್ಟನ್‌ನಾಗೆ ಸೌದೆ ಗಾಡಿ ಹೊಡೀತಿದ್ದ. ಹನ್ನೊಂದು ವರ್ಷ ಗೇದು ತನ್ನನ್ನ ತಾನು ಕೊಂಡ್ಕೊಂಡಿದ್ದ. ನಮ್ಮಿಬ್ರನ್ನ ಬಿಡಿಸಿದೋನು ಅವ್ನು. ಅವನ ಹೆಂಡ್ತಿ ಡೊರಿಂಡಾ. ಮಕ್ಕಳು ಎರಡು. ಈಗ್ಲೂ ಜೈಲಲ್ಲಿ ಕಲ್ಲು ಒಡೀತಾವ್ನೆ. ಆ ಜೈಲು ದಕ್ಷಿಣದೋರದ್ದಲ್ಲ, ನಿಮ್ಮ ಸರ್ಕಾರದ್ದೇಯ. ಅದನ್ನೂ ಬರೀರಿ."

ಅವನು ಬರೆದ. ನಿಲ್ಲಿಸಿದ. ಅವನ ಕಾಗದದಲ್ಲಿ ಮೊದಲೇ ಬರೆದು ತಂದದ್ದು ಬಹಳವಿತ್ತು. "ಅಮ್ಮಾ, ನನಗೆ ಕೊಟ್ಟಿರೋದು ಅರ್ಧ ಅಂಕಣ. ಕರ್ನಲ್ ಕಥೆ, ಫಿಚ್ ಅವರ ಕಥೆ ಬರಲೇಬೇಕು. ಇದಕ್ಕೆಲ್ಲ ಜಾಗ ಇಲ್ಲ."

ಟೆಂಪಿ ಕೈ ಚಾಚಿ ಆ ಕಾಗದ ಇಸಿದುಕೊಂಡಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಟಾಲಿವರ್ ಹೆಸರು ಎಷ್ಟು ಕಡೆ ಅದೆ?" ಎಂದು ಕೇಳಿದಳು ಕೆಜಾಯಾ.

"ಆರು ಕಡೆ ಅವ್ವ. ಫಿಚ್‌ದು ಏಳು."

"ಹೊಡ್ದಾಕು. ಜಾಗ ಆಯ್ತದೆ."